ಬಿಗಿತವೂ ಸಡಿಲಿಕೆಯೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಪುಟವೆಂದರೆ ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ದಾನಿಗಳಿಗೆ ವಂದನೆ, ಇಷ್ಟೇ ಎಂದು ನೀವು ಎದುರುನೋಡುವುದು ಸಹಜವೇ. ಆ ಸಂಗತಿಗಳೆಲ್ಲ ವಾರ್ಷಿಕ ವರದಿಯಲ್ಲಿ ಕ್ರಮವಾಗಿ ಬಂದಿರುವುದರಿಂದ, ನನಗೆ ದೊರೆತಿರುವ ಈ ಕೆಲವು ಪುಟಗಳನ್ನು ಒಂದು ಪಾಠದ ಪಕ್ಷವಾಗಿ ವಾದಿಸುವುದಕ್ಕೆ ಉಪಯೋಗಿಸಿಕೊಳ್ಳುತ್ತೇನೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯನ್ನು ಕುರಿತ ಅಧ್ಯಾಯವೊಂದುಂಟು. ಕಳೆದ ವರ್ಷ ನಮ್ಮ ಪೋಷಕರಲ್ಲೊಬ್ಬರು, ನಾನು ಬಹಳ ಗೌರವಿಸುವ ಒಬ್ಬ ತಂದೆಯವರು, ಆ ಅಧ್ಯಾಯವನ್ನು ತಮ್ಮ ಮಗಳಿಗೆ ಕಲಿಸಬಾರದೆಂದೂ, ಆ ಹೊತ್ತಿನಲ್ಲಿ ಆಕೆಯನ್ನು ವಾಚನಾಲಯದಲ್ಲಿ ಕೂರಿಸಬೇಕೆಂದೂ ಪತ್ರ ಬರೆದರು. ಪತ್ರದ ಕಡೆಯಲ್ಲಿ, “ಇವೆಲ್ಲ ಮದುವೆಯಾದ ಮೇಲೆ ತಾವಾಗಿಯೇ ತಿಳಿಯುವ ವಿಷಯಗಳು, ಅಮ್ಮನವರೇ” ಎಂದು ವಿನಯದಿಂದಲೇ ಬರೆದಿದ್ದರು. ಅವರಿಗೆ ಆಗ ಎರಡು ಸಾಲಿನ ಉತ್ತರವನ್ನು ಕಳುಹಿಸಿದೆನು. ಆ ಉತ್ತರದ ಉಳಿದ ಭಾಗವು ಇದು.

ತಾವಾಗಿಯೇ ತಿಳಿಯುವುವೆಂಬ ಮಾತನ್ನು ಒಂದು ಕಾಲಕ್ಕೆ ನಾನೂ ನಂಬಿದ್ದೆನು. ನಂಬದಿದ್ದರೂ ನಂಬಿದವಳಂತೆ ನಡೆದುಕೊಂಡೆನು. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯರ ಕೂಟದ ದಿನ, ಏಳು ತಿಂಗಳ ಗರ್ಭಿಣಿಯಾಗಿದ್ದ ಒಬ್ಬಾಕೆ, ಎಲ್ಲರೂ ಊಟಕ್ಕೆ ಎದ್ದ ಮೇಲೆ ನನ್ನ ಕೋಣೆಗೆ ಬಂದು ಬಾಗಿಲನ್ನು ಮುಚ್ಚಿದಳು. “ಮಿಸ್, ನನ್ನ ಮುಂದಿನ ಎಲುಬು ಒಡೀತಾ ಇದೆಯಾ?” ಎಂದು ಪಿಸುಮಾತಿನಲ್ಲಿ ಕೇಳಿದಳು. ಮೆಟ್ಟಿಲು ಹತ್ತುವಾಗಲೂ, ರಾತ್ರಿ ಮಗ್ಗುಲು ಬದಲಿಸುವಾಗಲೂ, ಹೊಟ್ಟೆಯ ಕೆಳಗೆ ಎರಡು ಎಲುಬುಗಳು ಕೂಡುವ ಸ್ಥಳದಲ್ಲಿ ಕತ್ತರಿಸಿದಂಥ ನೋವಂತೆ. ಅತ್ತೆಯವರನ್ನು ಕೇಳಲು ಭಯ, ವೈದ್ಯರನ್ನು ಕೇಳಲು ನಾಚಿಕೆ. ತನ್ನ ದೇಹವು ಸೀಳಿಹೋಗುತ್ತಿದೆಯೆಂದೇ ತಿಳಿದು ಎರಡು ತಿಂಗಳಿನಿಂದ ರಾತ್ರಿ ಅಳುತ್ತಿದ್ದಳು. ಆಕೆ ನಮ್ಮಲ್ಲಿ ವಿಜ್ಞಾನದಲ್ಲಿ ಒಳ್ಳೆಯ ಅಂಕಗಳನ್ನು ಪಡೆದವಳು. ಆಕೆಗೆ ಆ ಪಾಠವನ್ನು ಹೇಳಬೇಕಾಗಿದ್ದವಳು ನಾನೇ. ಆ ಅಧ್ಯಾಯವು ಬಂದಾಗ, “ಇದನ್ನು ಮನೆಯಲ್ಲಿ ಓದಿಕೊಳ್ಳಿರಿ” ಎಂದು ಹೇಳಿ ಪುಟವನ್ನು ತಿರುವಿದ್ದೆನು. ನಾನು ಬಾಲಿಕೆಯಾಗಿದ್ದಾಗ ನನ್ನ ಉಪಾಧ್ಯಾಯಿನಿಯೂ ಹಾಗೆಯೇ ತಿರುವಿದ್ದರು.

ಅಂದೇ ಸಾಯಂಕಾಲ ಪರಿಚಯದ ದಾದಿಯೊಬ್ಬರ ಬಳಿಗೆ ಆಕೆಯನ್ನು ಕರೆದುಕೊಂಡು ಹೋದೆನು. ಎಲುಬು ಒಡೆದಿರಲಿಲ್ಲ, ಗರ್ಭಿಣಿಯರಲ್ಲಿ ಅನೇಕರಿಗೆ ಬರುವ ನೋವು ಅದು ಎಂದು ಅವರು ಸಮಾಧಾನ ಹೇಳಿ, ಮಲಗುವ ಏಳುವ ಕ್ರಮವನ್ನು ತೋರಿಸಿಕೊಟ್ಟರು. ಹೆರಿಗೆಯು ಸುಖವಾಗಿ ಆಯಿತು. ಆದಾಗ್ಯೂ ಆ ಎರಡು ತಿಂಗಳ ಅಳುವಿನ ಲೆಕ್ಕವು ನನ್ನ ಹೆಸರಿನಲ್ಲಿಯೇ ಇದೆ.

ಇದರಲ್ಲಿ ಒಂದು ವಿಚಿತ್ರವನ್ನು ನೋಡಿರಿ. ನರಸಾಪುರದ ಸುತ್ತಿನ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕುವ ಯಾವ ತಾಯಿಯನ್ನೇ ಆಗಲಿ ಕೇಳಿರಿ. ಗಬ್ಬದ ಹಸು ಎಂದು ಈಯುವುದೆಂಬುದನ್ನು ಆಕೆ ನೋಡಿದೊಡನೆ ಹೇಳುತ್ತಾಳೆ. ಕೆಚ್ಚಲು ಇಳಿದಿರಬೇಕು, ಬಾಲದ ಬುಡದ ಎರಡು ಪಕ್ಕಗಳು ಗುಳಿಬಿದ್ದಿರಬೇಕು, ಅಲ್ಲಿ ಬೆರಳಿಟ್ಟರೆ ನಿನ್ನೆ ಹಗ್ಗದಂತೆ ಬಿಗಿಯಾಗಿದ್ದ ನರವು ಇಂದು ಕೈಗೆ ಸಿಕ್ಕದಷ್ಟು ಮೆತ್ತಗಾಗಿರಬೇಕು. “ರಾತ್ರಿಗೆ ಈಯ್ತದೆ” ಎಂದು ಹೇಳಿ, ಕೊಟ್ಟಿಗೆಗೆ ಹುಲ್ಲು ಹಾಸುತ್ತಾಳೆ. ಎಲುಬಿನ ಕಟ್ಟುಗಳು ಸಡಿಲವಾಗುವುದು ಹೆರಿಗೆಯ ಸಿದ್ಧತೆಯೆಂಬುದು ಆಕೆಗೆ ಗೊತ್ತು. ಹಸುವಿನ ವಿಷಯದಲ್ಲಿ ನಾಚಿಕೆಯಿಲ್ಲದೆ ಹೇಳುವ ಈ ಮಾತನ್ನು ಆಕೆ ತನ್ನ ಮಗಳಿಗೆ ಮಾತ್ರ ಹೇಳಳು.

ಬಿಗಿಯಾಗಿದ್ದದ್ದು ಸಡಿಲವಾಗುವುದು ಹೇಗೆ? ಇದನ್ನು ತಿಳಿಯಬೇಕಾದರೆ, ಮೊದಲು ಬಿಗಿದಿರುವ ವಸ್ತು ಯಾವುದೆಂಬುದನ್ನು ಅರಿಯಬೇಕು. ಎಲುಬಿಗೆ ಎಲುಬನ್ನು ಕಟ್ಟುವ ಅಸ್ಥಿಬಂಧ, ಮಾಂಸವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು, ಚರ್ಮ, ಗರ್ಭಕೋಶದ ಕಂಠ, ಇವೆಲ್ಲಕ್ಕೂ ಬಲವನ್ನು ಕೊಡುವುದು ಕೊಲಾಜೆನ್ ಎಂಬ ಪ್ರೋಟೀನು. ನಮ್ಮ ದೇಹದ ಪ್ರೋಟೀನುಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಇದೇ ಆಗಿದೆ. ಇದರ ರಚನೆಯನ್ನು ಮೊದಲು ಬಿಡಿಸಿದ ಕೀರ್ತಿಯು ನಮ್ಮ ದೇಶದವರಾದ ಜಿ. ಎನ್. ರಾಮಚಂದ್ರನ್ ಅವರಿಗೆ ಸಲ್ಲುತ್ತದೆ. ಎರ್ನಾಕುಳಂನಲ್ಲಿ 1922ರಲ್ಲಿ ಜನಿಸಿದ ಅವರು, ನಮ್ಮ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1942ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಲು ಬಂದು, ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿ ಭೌತಶಾಸ್ತ್ರಕ್ಕೆ ಒಲಿದರು. 1952ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯವು ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿಸಿಕೊಂಡಿತು. ಅಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕಾಂಗರೂ ಪ್ರಾಣಿಯ ಬಾಲದ ಸ್ನಾಯುರಜ್ಜುವಿನ ಮೇಲೆ ಎಕ್ಸ್-ಕಿರಣಗಳನ್ನು ಹಾಯಿಸಿ ಚಿತ್ರಗಳನ್ನು ತೆಗೆದು, ಕೊಲಾಜೆನ್ ಎಂಬುದು ಮೂರು ಎಳೆಗಳ ಹುರಿಯೆಂದು 1954ರಲ್ಲಿ ಪ್ರಕಟಿಸಿದರು. ಆ ಮೂರು ಎಳೆಗಳೂ ಒಂದರ ಸುತ್ತ ಒಂದು ಸುರುಳಿಗೊಂಡಿರುವ ಬಗೆಯನ್ನು ಮರುವರ್ಷ ತಿದ್ದಿ ಹೇಳಿದರು. ಎಳೆಗಳ ನಡುವಣ ಬಂಧಗಳು ಎಷ್ಟೆಂಬ ವಿಷಯದಲ್ಲಿ ಫ್ರಾನ್ಸಿಸ್ ಕ್ರಿಕ್ ಮುಂತಾದವರಿಗೂ ಅವರಿಗೂ ವಾದವು ನಡೆಯಿತು. ಮೂರು ಎಳೆಯ ಹುರಿಯೆಂಬ ಮೂಲ ಮಾತು ಮಾತ್ರ ನಿಂತಿತು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾರೆನು. ರಾಮಚಂದ್ರನ್ ಅವರನ್ನು ಮದ್ರಾಸಿಗೆ ಕರೆಯಿಸಿಕೊಂಡ ಉಪಕುಲಪತಿಗಳು ಸರ್ ಎ. ಲಕ್ಷ್ಮಣಸ್ವಾಮಿ ಮುದಲಿಯಾರರು. ಅವರು ವೃತ್ತಿಯಿಂದ ಪ್ರಸೂತಿ ವೈದ್ಯರು. ಹೆರಿಗೆಯ ಶಾಸ್ತ್ರವನ್ನು ಕುರಿತು ಅವರು ಬರೆದ ಪುಸ್ತಕವನ್ನು ಭಾರತದ ವೈದ್ಯ ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಓದಿದ್ದಾರೆ. ಅವರ ಅವಳಿ ಸಹೋದರರಾದ ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರೇ, ನಮ್ಮ ಕೋಲಾರವು ಮೈಸೂರು ಸಂಸ್ಥಾನಕ್ಕೆ ಸೇರಿದ್ದಾಗ, ಅದರ ಕಡೆಯ ದಿವಾನರಾಗಿದ್ದವರು. ತಾಯಂದಿರ ಹೆರಿಗೆಯನ್ನು ಬಲ್ಲ ವೈದ್ಯರೊಬ್ಬರು, ತಾಯಿಯ ದೇಹವನ್ನು ಹೆಣೆದಿರುವ ದಾರವನ್ನು ಬಿಡಿಸಿದ ಭೌತಶಾಸ್ತ್ರಜ್ಞರಿಗೆ ಸ್ಥಾನ ಕೊಟ್ಟರೆಂಬುದು ನನಗೆ ಬಹಳ ಹಿತವಾಗಿ ತೋರುತ್ತದೆ.

ಆ ಹುರಿಯಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವಿರುತ್ತದೆ. ಬೇರೆ ಯಾವುದೂ ಆ ಇಕ್ಕಟ್ಟಿನಲ್ಲಿ ಹಿಡಿಸದು. ಹುರಿಯು ಗಟ್ಟಿಯಾಗಿ ನಿಲ್ಲಬೇಕಾದರೆ ಸಿ ಜೀವಸತ್ವವು ಬೇಕು. ಅದಿಲ್ಲದ ಹಿಂದಿನ ಕಾಲದ ನಾವಿಕರ ವಸಡುಗಳು ರಕ್ತ ಸುರಿಸಿದ್ದೂ, ಹಳೆಯ ಗಾಯಗಳು ಮತ್ತೆ ಬಾಯಿಬಿಟ್ಟದ್ದೂ ಈ ಕಾರಣದಿಂದಲೇ. ನೆಲ್ಲಿಕಾಯಿ, ಸೀಬೆ, ಟೊಮೆಟೊಗಳಿಗೆ ಬರವಿಲ್ಲದ ನಮ್ಮ ಜಿಲ್ಲೆಯಲ್ಲಿ ಈ ಪಾಠಕ್ಕೆ ಬೇರೆ ಉಪಕರಣಗಳು ಬೇಕಿಲ್ಲ.

ಇನ್ನು ಸಡಿಲಿಸುವ ವಸ್ತು. ಇದರ ಕಥೆಯು ಅಮೆರಿಕದ ಕಾನ್ಸಾಸ್ ಪ್ರಾಂತದ ಹೊಲಗಳಲ್ಲಿ ಆರಂಭವಾಗುತ್ತದೆ. ಫ್ರೆಡರಿಕ್ ಹಿಸಾ ಎಂಬ ಪ್ರಾಣಿಶಾಸ್ತ್ರಜ್ಞರು, ನಮ್ಮ ಹೆಗ್ಗಣದಂತೆ ಬಿಲ ತೋಡಿ ಬೆಳೆಯನ್ನು ಹಾಳುಮಾಡುವ ಗೋಫರ್ ಎಂಬ ಪ್ರಾಣಿಯನ್ನು ಅಭ್ಯಸಿಸುತ್ತಿದ್ದರು. ಇಕ್ಕಟ್ಟಾದ ಬಿಲಕ್ಕೆ ತಕ್ಕಂತೆ ಅದರ ಸೊಂಟವೂ ಇಕ್ಕಟ್ಟು. ಅದರೊಳಗಿನಿಂದ ಮರಿಯು ಹೊರಬರುವುದೆಂತು? ಹೆಣ್ಣು ಗೋಫರ್ ಪ್ರಾಯಕ್ಕೆ ಬಂದಾಗ ಅದರ ಸೊಂಟದ ಮುಂದಣ ಎಲುಬು ಕರಗಿಹೋಗುವುದನ್ನೂ, ಗಂಡಿನಲ್ಲಿ ಹಾಗೆಯೇ ಉಳಿಯುವುದನ್ನೂ ಅವರು ಕಂಡು, ಅಂಡಾಶಯದಿಂದ ಸ್ರವಿಸುವ ಯಾವುದೋ ವಸ್ತುವು ಇದಕ್ಕೆ ಕಾರಣವೆಂದು ತೋರಿಸಿದರು. ಅಲ್ಲಿಂದ ಮುಂದೆ, ಗರ್ಭಿಣಿಯಾದ ಪ್ರಾಣಿಯ ರಕ್ತದ್ರವವನ್ನು ಗರ್ಭವಿಲ್ಲದ ಗಿನಿಪಿಗ್ಗಿಗೆ ಚುಚ್ಚಿದರೆ, ಅದರ ಸೊಂಟದ ಮುಂದಣ ಅಸ್ಥಿಬಂಧವು ಸಡಿಲವಾಗುವುದೆಂದು 1926ರಲ್ಲಿ ಪ್ರಕಟಿಸಿದರು. 1930ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಹೆಣ್ಣು ಹಂದಿಯ ಅಂಡಾಶಯದಿಂದ ಆ ಸಾರವನ್ನು ತೆಗೆದು, ಸಡಿಲಿಸುವಂಥದು ಎಂಬರ್ಥದಲ್ಲಿ ‘ರಿಲ್ಯಾಕ್ಸಿನ್’ ಎಂದು ಹೆಸರಿಟ್ಟರು.

ಬಹುಕಾಲದ ವರೆಗೆ ಅನೇಕರು ಇದನ್ನು ನಂಬಲಿಲ್ಲ. ಈಸ್ಟ್ರೊಜೆನ್, ಪ್ರೊಜೆಸ್ಟೆರೋನ್ ಎಂಬ ಬೇರೆ ಹಾರ್ಮೋನುಗಳಿಂದಲೂ ಅಂಥ ಸಡಿಲಿಕೆಯನ್ನು ಉಂಟುಮಾಡಬಹುದಾಗಿದ್ದುದರಿಂದ, ಪ್ರತ್ಯೇಕವಾದ ಇನ್ನೊಂದು ಹಾರ್ಮೋನು ಇದೆಯೆಂಬುದಕ್ಕೆ ಸಾಕ್ಷಿಯೇನೆಂದು ಕೇಳಿದರು. 1970ರ ದಶಕದಲ್ಲಿ ಹಂದಿಯ ರಿಲ್ಯಾಕ್ಸಿನ್ ಶುದ್ಧರೂಪದಲ್ಲಿ ದೊರೆತು, ಅದರ ಅಮೈನೋ ಆಮ್ಲಗಳ ಕ್ರಮವು ತಿಳಿದ ಮೇಲೆ, ಇದು ಇನ್ಸುಲಿನ್ನಿನ ಬಂಧುವೆಂಬ ಆಶ್ಚರ್ಯವು ಹೊರಬಿತ್ತು. ಕೊಲಾಜೆನ್ನನ್ನು ಹೊಸದಾಗಿ ನಿರ್ಮಿಸುವ ಕೆಲಸವನ್ನು ಇದು ತಗ್ಗಿಸುತ್ತದೆ. ಹಳೆಯದನ್ನು ಕತ್ತರಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ. 1999ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಈ ಹಾರ್ಮೋನೇ ಇಲ್ಲದ ಇಲಿಗಳನ್ನು ನಿರ್ಮಿಸಿ ನೋಡಿದರು. ಆ ತಾಯಿ ಇಲಿಗಳ ಸೊಂಟದ ಬಂಧವು ಸಡಿಲವಾಗಲಿಲ್ಲ; ಆದಾಗ್ಯೂ ಅವು ಮರಿಹಾಕಿದವು. ಆದರೆ ಮೊಲೆತೊಟ್ಟುಗಳು ಬೆಳೆಯದಿದ್ದುದರಿಂದ ಮರಿಗಳು ಹಾಲು ಕುಡಿಯಲಾರದೆ, ಬೇರೆ ತಾಯಿಯ ಬಳಿಗೆ ಸೇರಿಸದಿದ್ದರೆ, ಸತ್ತವು. ಹೆರಿಗೆಯ ಹಾರ್ಮೋನೆಂದು ಹುಡುಕಿದ್ದು ಹಾಲೂಡುವ ಅಂಗವನ್ನೂ ಸಿದ್ಧಪಡಿಸುತ್ತಿತ್ತು.

ಹಸುವಿನ ಮಾತನ್ನೆತ್ತಿದೆನಲ್ಲವೇ, ಅದನ್ನೂ ತಿದ್ದಬೇಕು. ಹಸು ಕುರಿಗಳಲ್ಲಿ ಈ ರಿಲ್ಯಾಕ್ಸಿನ್ನನ್ನು ನಿರ್ಮಿಸುವ ಜೀನು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ! ಅವುಗಳಲ್ಲಿ ಕಟ್ಟುಗಳನ್ನು ಸಡಿಲಿಸುವ ಕೆಲಸವು ಬೇರೆ ಹಾರ್ಮೋನುಗಳಿಂದ ನಡೆಯುತ್ತದೆ. ಮನುಷ್ಯರ ವಿಷಯವೂ ಹಂದಿಯಂತಲ್ಲ. ಹಂದಿಯಲ್ಲಿ ಈ ಹಾರ್ಮೋನು ಈಯುವುದಕ್ಕೆ ಸ್ವಲ್ಪ ಮೊದಲು ಉಕ್ಕುತ್ತದೆ. ಸ್ತ್ರೀಯರಲ್ಲಾದರೋ ಮೊದಲ ಮೂರು ತಿಂಗಳಲ್ಲಿಯೇ ಅತಿ ಹೆಚ್ಚಾಗಿದ್ದು ಆಮೇಲೆ ಇಳಿಯುತ್ತದೆ. ಗರ್ಭಿಣಿಯ ಸೊಂಟದ ಮುಂದಣ ಸಂಧಿಯು ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರು ಅಗಲವಾಗುವುದು ನಿಜ. ಆದರೆ ನನ್ನ ವಿದ್ಯಾರ್ಥಿನಿಗೆ ಬಂದಂಥ ನೋವಿಗೂ ರಕ್ತದಲ್ಲಿರುವ ರಿಲ್ಯಾಕ್ಸಿನ್ನಿನ ಪ್ರಮಾಣಕ್ಕೂ ನಿಶ್ಚಿತವಾದ ಸಂಬಂಧವು ಸ್ಥಾಪಿತವಾಗಿಲ್ಲ. ಈ ಹಾರ್ಮೋನನ್ನು ಔಷಧವಾಗಿ ಕೊಟ್ಟು ಗರ್ಭಕೋಶದ ಕಂಠವನ್ನು ಮೆತ್ತಗೆ ಮಾಡುವ ಪ್ರಯತ್ನವೂ ಫಲಿಸಲಿಲ್ಲ. ಹೃದಯದ ದೌರ್ಬಲ್ಯಕ್ಕೆ ಕೊಟ್ಟಾಗ 2013ರಲ್ಲಿ ಒಳ್ಳೆಯ ಆಸೆ ಹುಟ್ಟಿತು. 6,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆ ಆಸೆ ಉಳಿಯಲಿಲ್ಲ. ಸೋತದ್ದನ್ನು ಸೋತೆವೆಂದು ಅಚ್ಚು ಹಾಕಿಸುವ ಈ ಗುಣವನ್ನು ನಮ್ಮ ಬಾಲಿಕೆಯರು ನೋಡಬೇಕೆಂಬುದು ನನ್ನ ಇಷ್ಟ.

ಈ ಜಾತಿಯ ವಿದ್ಯೆಯು ದೂರದೇಶದ್ದೆಂದು ಯಾರೂ ತಿಳಿಯಬಾರದು. ರಾಮಚಂದ್ರನ್ ಅವರು 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವ ಭೌತಶಾಸ್ತ್ರದ ವಿಭಾಗವನ್ನು ಸ್ಥಾಪಿಸಿದರು. ಅದೇ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಪ್ರಜನನದ ಹಾರ್ಮೋನುಗಳನ್ನು ಅಭ್ಯಸಿಸಿದರು. ಅಂತರಗಂಗೆಯ ಬೆಟ್ಟದಲ್ಲಿ ನಮ್ಮ ಮಕ್ಕಳ ಕೈಯಿಂದ ಬಾಳೆಹಣ್ಣನ್ನು ಕಸಿಯುವ ಕೋತಿಯ ಜಾತಿಯೇ ಅವರ ಪ್ರಯೋಗಗಳಲ್ಲಿತ್ತು. ಗಂಡು ಕೋತಿಯಲ್ಲಿ ಒಂದು ಹಾರ್ಮೋನನ್ನು ತಡೆದರೆ ಸಂತಾನಶಕ್ತಿಯು ಕುಂದುವುದೆಂದು ಅವರು ತೋರಿಸಿದರು. ಸಂತಾನ ನಿಯಂತ್ರಣದ ಭಾರವೆಲ್ಲವನ್ನೂ ಹೆಂಗಸರ ಮೇಲೆಯೇ ಹೊರಿಸುವ ನಮ್ಮ ಹಳ್ಳಿಗಳಲ್ಲಿ ಇದನ್ನು ಗಂಡಸರೂ ಓದುವುದು ಉಚಿತ. ಇದೇ ಸಂಸ್ಥೆಯಲ್ಲಿ 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿಗೆ, ಮುಂದೆ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದವರಿಗೆ, ಹೆಣ್ಣೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಲಾಗಿತ್ತು. ಆಕೆ ಹಟ ಹಿಡಿದು, ಶರತ್ತುಗಳಿಗೆ ಒಳಪಟ್ಟು ಸೇರಿ, ಹಾಲಿನ ಮತ್ತು ಬೇಳೆಗಳ ಪ್ರೋಟೀನುಗಳ ಮೇಲೆ ಕೆಲಸಮಾಡಿ, ಅಲ್ಲಿಂದ ಕೇಂಬ್ರಿಜ್ಜಿಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದರು. ಬಾಗಿಲು ತೆರೆದು ತೊಂಬತ್ತು ವರ್ಷಗಳಾದವು. ಹೆಣ್ಣಿನ ದೇಹದ ವಿಷಯವನ್ನು ಹೆಣ್ಣುಮಕ್ಕಳ ಶಾಲೆಯಲ್ಲಿಯೇ ಮುಚ್ಚಿಡುವುದಾದರೆ, ಆ ಬಾಗಿಲಿನಿಂದ ನಮಗೆ ಪ್ರಯೋಜನವೇನು?

ಅರ್ಧ ತಿಳುವಳಿಕೆಯನ್ನು ಮಾರುವವರು ಮಾತ್ರ ನಾಚುವುದಿಲ್ಲ. ಕೊಲಾಜೆನ್ ಎಂಬ ಹೆಸರನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮೊದಲು ಕೇಳಿದ್ದು ಜಾಹಿರಾತಿನಿಂದ. ಕೈಗಾರಿಕಾ ಪ್ರದೇಶದಲ್ಲಿ ರಾತ್ರಿಯ ಪಾಳಿ ಮಾಡಿ ಸಂಪಾದಿಸಿದ ಹಣದಲ್ಲಿ, ಮುಖದ ಕಾಂತಿಗೆಂದು ಅದರ ಪುಡಿಯ ಡಬ್ಬಿಯನ್ನು ಕೊಂಡವಳೊಬ್ಬಳು ಬೆಲೆಯನ್ನು ಹೇಳಿದಾಗ ನಾನು ಕುರ್ಚಿ ಹಿಡಿದು ಕೂತೆನು. ನುಂಗಿದ ಕೊಲಾಜೆನ್ ಉಳಿದ ಪ್ರೋಟೀನುಗಳಂತೆಯೇ ಹೊಟ್ಟೆಯಲ್ಲಿ ಚೂರುಚೂರಾಗುತ್ತದೆ; ಅದು ನೆಟ್ಟಗೆ ಕೆನ್ನೆಗೆ ಹೋಗಿ ಕೂರುವುದಿಲ್ಲ. ಹೆಸರುಕಾಳು, ಮೊಟ್ಟೆ, ನೆಲ್ಲಿಕಾಯಿಗಳ ಮೇಲೆ ಆ ಹಣವನ್ನು ವ್ಯಯಮಾಡಿದ್ದರೆ ನಾನು ಸುಮ್ಮನಿರುತ್ತಿದ್ದೆನು.

ಇನ್ನು ಆಕ್ಷೇಪಣೆಗಳು. ನಮ್ಮ ಸಭೆಯ ಹಿರಿಯರಲ್ಲಿ ಕೆಲವರು, ಹೆರಿಗೆಯ ವೇದನೆಯು ಹವ್ವಳಿಗೆ ವಿಧಿಸಲ್ಪಟ್ಟದ್ದಾದ್ದರಿಂದ ಅದನ್ನು ಕುರಿತು ವಿಚಾರಿಸುವುದು ಏತಕ್ಕೆ ಎನ್ನುತ್ತಾರೆ. ವಿಮೋಚನಕಾಂಡದಲ್ಲಿ ಫರೋಹನ ಆಜ್ಞೆಗೆ ಅಂಜದೆ ಶಿಶುಗಳನ್ನು ಉಳಿಸಿದ ಇಬ್ಬರು ಸೂಲಗಿತ್ತಿಯರಿಗೆ ದೇವರು ಒಳ್ಳೆಯದನ್ನು ಮಾಡಿದನೆಂಬುದನ್ನು ಅವರಿಗೆ ನೆನಪುಮಾಡುತ್ತೇನೆ. ತಾಯಿಯ ಗರ್ಭದಲ್ಲಿ ತಾನು ಹೆಣೆಯಲ್ಪಟ್ಟದ್ದನ್ನು ನೆನೆದು ಕೀರ್ತನೆಗಾರನು ಸ್ತೋತ್ರ ಮಾಡುತ್ತಾನೆ. ಆ ಹೆಣಿಗೆಯ ನೂಲು ಯಾವುದೆಂದು ಕೇಳುವುದು ಭಕ್ತಿಗೆ ವಿರೋಧವೆಂದು ನನಗೆ ತೋರುವುದಿಲ್ಲ. ನಮ್ಮ ಪೋಷಕರಲ್ಲಿ ಹೆಚ್ಚಿನವರು ಹಿಂದೂ ಮತ್ತು ಮುಸಲ್ಮಾನ ಮನೆತನದವರು. ಅವರ ಆಕ್ಷೇಪಣೆ ಬೇರೆ: ತಿಳಿದರೆ ಹುಡುಗಿಯರು ಕೆಡುತ್ತಾರೆಂಬ ಭಯ. ಮಗಳ ಮಾನವನ್ನು ಕುರಿತ ಆ ಕಳಕಳಿಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ಫೋನಿನಲ್ಲಿ ಯಾರೋ ಅಪರಿಚಿತರು ಕೆಟ್ಟದಾಗಿ ಹೇಳುವುದಕ್ಕಿಂತ ಮೊದಲು, ಅಕ್ಕನ ವಯಸ್ಸಿನ ಉಪಾಧ್ಯಾಯಿನಿಯೊಬ್ಬಳು ಕಪ್ಪುಹಲಗೆಯ ಮುಂದೆ ನಿಂತು ಸರಿಯಾಗಿ ಹೇಳುವುದು ಮೇಲಲ್ಲವೇ?

ಪತ್ರ ಬರೆದ ಆ ತಂದೆಯವರಿಗೆ ಹೇಳಬೇಕಾದ ಮುಖ್ಯ ಮಾತು ಇನ್ನೊಂದಿದೆ. ಮದುವೆಯಾದ ಮೇಲೆ ತಿಳಿಯುವುದೆಂದರೆ, ತಡವಾಗಿ ತಿಳಿಯುವುದು. ಹುಡುಗಿಯು ಎತ್ತರದಲ್ಲಿ ಬೆಳೆದು ನಿಂತ ಮೇಲೂ ಆಕೆಯ ಸೊಂಟದ ಎಲುಬುಗಳು ಕೆಲವು ವರ್ಷ ಬೆಳೆಯುತ್ತಲೇ ಇರುತ್ತವೆ. ಹಾರ್ಮೋನುಗಳು ಕಟ್ಟನ್ನು ಸ್ವಲ್ಪ ಸಡಿಲಿಸಬಲ್ಲವು. ಇನ್ನೂ ಬೆಳೆಯದಿರುವ ಎಲುಬನ್ನು ಹೆರಿಗೆಯ ದಿನಕ್ಕೆ ಬೆಳೆಸಿಕೊಡಲಾರವು. ಹದಿನೆಂಟು ತುಂಬುವ ಮೊದಲು ಹೆಣ್ಣುಮಕ್ಕಳ ಮದುವೆ ಕೂಡದೆಂದು 2006ರ ಕಾಯಿದೆಯು ಹೇಳುತ್ತದೆ. ಕಾಯಿದೆಯ ಹೆಸರನ್ನೆತ್ತಿದರೆ ಅಜ್ಜಿಯರು ಕೇಳುವುದಿಲ್ಲ. ಎಲುಬಿನ ಚಿತ್ರವನ್ನು ಬರೆದು ತೋರಿಸಿದ ಒಬ್ಬ ಬಾಲಿಕೆಯ ಮಾತನ್ನು ಆಕೆಯ ಅಜ್ಜಿ ಕೇಳಿ, ಗೊತ್ತಾಗಿದ್ದ ಮಾತುಕತೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗಿ ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ.

ಈ ವರ್ಷ ಆ ಅಧ್ಯಾಯವನ್ನು ನಾನೇ ತೆಗೆದುಕೊಳ್ಳುತ್ತೇನೆ. ನಾಲ್ಕು ಶನಿವಾರಗಳು, ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ, ಕನ್ನಡದಲ್ಲಿಯೇ ಪಾಠ ನಡೆಯುತ್ತದೆ. ತಾಯಂದಿರಿಗೂ ಅಜ್ಜಿಯರಿಗೂ ಹಿಂದಿನ ಬೆಂಚುಗಳನ್ನು ಬಿಟ್ಟಿರುತ್ತೇವೆ. ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟು ಹೊತ್ತನ್ನು ನೋಡಿಕೊಂಡೇ ವೇಳೆಯನ್ನು ಗೊತ್ತುಮಾಡಿದೆ. ಕೇಳಲು ನಾಚುವ ಪ್ರಶ್ನೆಗಳನ್ನು ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಹಾಕುವುದಕ್ಕೆ ಒಂದು ಡಬ್ಬಿಯನ್ನು ಇಟ್ಟಿರುತ್ತೇವೆ. ಅಂದು ಬಾಗಿಲು ಮುಚ್ಚಿ ಪಿಸುಮಾತಿನಲ್ಲಿ ಕೇಳಿದ ನನ್ನ ಹಳೆಯ ವಿದ್ಯಾರ್ಥಿನಿಯು ಮೊದಲ ಶನಿವಾರ ತನ್ನ ಮಗುವಿನೊಡನೆ ಬಂದು, ತನಗಾದದ್ದನ್ನು ತಾನೇ ಹೇಳಲು ಒಪ್ಪಿದ್ದಾಳೆ. ಪತ್ರ ಬರೆದ ತಂದೆಯವರ ಮನೆಯಿಂದ ಯಾರು ಬರುವರೆಂದು ಇನ್ನೂ ಉತ್ತರ ಬಂದಿಲ್ಲ. ಅವರ ಮಗಳ ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆದಿಲ್ಲ.

— ಮುಖ್ಯೋಪಾಧ್ಯಾಯಿನಿ